ಬಾರದವರು ಕೈ ಎತ್ತಿ

ಫೆಬ್ರವರಿ 4

ಲೆಕ್ಕದ ಡಾಕ್ಟರಮ್ಮನವರ ಸನ್ನಿಧಾನಕ್ಕೆ,

ನಿಮ್ಮ ಆರೋಗ್ಯ ಇಲಾಖೆಯ ಕಾಗದ ನಮ್ಮ ಪಿಂಗಾಣಿ ಕಾರ್ಖಾನೆಯ ದವಾಖಾನೆಗೆ ತಲುಪಿದೆ. ‘ಮಾನ್ಯ ವೈದ್ಯಾಧಿಕಾರಿಗಳೇ’ ಎಂದು ಶುರುವಾಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿದಿದೆ. ಕೆಳಗೆ ನಿನ್ನ ರುಜು. ಹುಟ್ಟಿಸಿದ ಅಪ್ಪನಿಗೆ ಮಾನ್ಯರೇ! ನನ್ನ ಕಾಂಪೌಂಡರು ಅದನ್ನು ಓದಿ, ಎದುರಿಗೆ ನಗಲು ಧೈರ್ಯ ಸಾಲದೆ, ಔಷಧದ ಕಪಾಟಿನ ಹಿಂದೆ ಹೋಗಿ ನಕ್ಕು ಬಂದ.

ಇಲ್ಲಿ ಬಟ್ಟಲು, ತಟ್ಟೆ, ಬೇಸಿನ್ನು ಮಾಡುವವರಿಗೆ ಮಣ್ಣಿನ ದೂಳಿನಿಂದ ಶ್ವಾಸಕೋಶ ಕೆಡುತ್ತಿದೆಯೇ ಎಂದು ನೀನು ಅಧ್ಯಯನ ಮಾಡುತ್ತೀಯಂತೆ. ಅದಕ್ಕೆ ನನ್ನ ಸಹಕಾರ ಬೇಕಂತೆ. ತಗೋ ಸಹಕಾರ: ಕೆಡುತ್ತಿಲ್ಲ. ಮುಗಿಯಿತು. ನಿಮ್ಮ ಎಕ್ಸ್-ರೇ ಬಸ್ಸಿನ ಡೀಸೆಲ್ಲು ಉಳಿಯಿತು.

ಮೂವತ್ತು ವರ್ಷದಿಂದ ಈ ಗೇಟಿನ ಪಕ್ಕದ ಕೋಣೆಯಲ್ಲಿ ಕೂತು ಎದೆ ಕೇಳಿದವನು ನಾನು. ವರ್ಷಕ್ಕೊಮ್ಮೆ ಎಲ್ಲರೂ ಅಂಗಿ ಬಿಚ್ಚಿ ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರ ಬೆನ್ನಿಗೂ ನನ್ನ ಸ್ಟೆತಸ್ಕೋಪು ತಾಗಿದೆ. ಊರಿನಲ್ಲಿ ನೂರಕ್ಕೆ ಹತ್ತು ಜನ ಕೆಮ್ಮುತ್ತಿದ್ದರೆ, ನನ್ನ ಗೇಟಿನೊಳಗೆ ಮೂರು ಜನವೂ ಕೆಮ್ಮುವುದಿಲ್ಲ. ಕಾರ್ಖಾನೆಯ ಕೆಲಸಗಾರರು ಊರಿನವರಿಗಿಂತ ಗಟ್ಟಿಮುಟ್ಟು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ನಿನಗೆ ಬೇಕು, ಯಾಕೆಂದರೆ ಅಂಗೈಯನ್ನು ನೀನು ನೋಡುವುದೇ ಇಲ್ಲ. ನಿನಗೆ ಮೆಡಿಕಲ್ ಓದಿಸಿದ್ದು ನಾಡಿ ಹಿಡಿಯಲಿ ಅಂತ. ನೀನು ಹಿಡಿದದ್ದು ಕ್ಯಾಲ್ಕುಲೇಟರು. ರೋಗಿಯನ್ನು ಮುಟ್ಟದೆ ಡಾಕ್ಟರಾಗುವುದು ನೀರಿಗಿಳಿಯದೆ ಈಜು ಕಲಿಸುವವರ ಕೆಲಸ.

ಉತ್ತರ ಬರೆಯುವುದಾದರೆ ಕಾಗದದಲ್ಲೇ ಬರೆ. ಫೋನು ಬೇಡ. ಫೋನಿನಲ್ಲಿ ಜಗಳವಾಡಿದರೆ ಮಾತು ಗಾಳಿಗೆ ಹೋಗುತ್ತದೆ. ಕಾಗದವಾದರೆ ನಿನ್ನ ಅವಿವೇಕಕ್ಕೆ ಸಾಕ್ಷಿ ಉಳಿಯುತ್ತದೆ.

ಮಾನ್ಯನಾದ
ನಿನ್ನ ಅಪ್ಪ


ಫೆಬ್ರವರಿ 17

ಅಪ್ಪ,

‘ಮಾನ್ಯ’ ಎಂದು ಟೈಪು ಮಾಡಿದವರು ನಮ್ಮ ಗುಮಾಸ್ತರು. ನಾನೇ ಬರೆದಿದ್ದರೆ ಆ ಪದ ಹಾಕುವ ಮುಂಚೆ ಎರಡು ಸಾರಿ ಯೋಚನೆ ಮಾಡುತ್ತಿದ್ದೆ.

ಒಂದನೇ ಕ್ಲಾಸಿನಲ್ಲಿ ನಮಗೊಬ್ಬರು ಟೀಚರ್ ಇದ್ದರು, ನೆನಪಿದೆಯಾ? ಹಾಜರಿ ಕರೆಯುವಷ್ಟು ತಾಳ್ಮೆ ಇರಲಿಲ್ಲ ಅವರಿಗೆ. ಕುರ್ಚಿಯಲ್ಲಿ ಕೂತು, “ಯಾರ್ಯಾರು ಬಂದಿಲ್ವೋ ಕೈ ಎತ್ತಿ” ಅನ್ನುತ್ತಿದ್ದರು. ಯಾರೂ ಎತ್ತುತ್ತಿರಲಿಲ್ಲ. “ಸರಿ, ಎಲ್ಲರೂ ಬಂದಿದ್ದೀರಿ” ಎಂದು ಪಾಠ ಶುರು ಮಾಡುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ನಾನು ಇದನ್ನು ಹೇಳಿದರೆ ನೀವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಿರಿ. ಮೂವತ್ತು ವರ್ಷದಿಂದ ನೀವು ಆ ಗೇಟಿನಲ್ಲಿ ಮಾಡುತ್ತಿರುವುದು ಅದನ್ನೇ.

ನಿಮ್ಮ ಸಾಲಿನಲ್ಲಿ ನಿಲ್ಲುವವರು ಯಾರು? ಅವತ್ತು ಕೆಲಸಕ್ಕೆ ಬಂದವರು. ಉಸಿರು ಸಾಲದವನು ಕೆಲಸಕ್ಕೆ ಬರುವುದಿಲ್ಲ, ಬಿಟ್ಟು ಮನೆಯಲ್ಲಿರುತ್ತಾನೆ. ಊರಿನ ಲೆಕ್ಕದಲ್ಲಾದರೋ ಮುದುಕರು, ಹಾಸಿಗೆ ಹಿಡಿದವರು, ಕಾರ್ಖಾನೆಯನ್ನೇ ಬಿಟ್ಟವರು ಎಲ್ಲರೂ ಸೇರಿದ್ದಾರೆ. ಕಾಯಿಲೆ ಬಂದವರನ್ನೆಲ್ಲ ಊರಿನ ಕಡೆಗೆ ತಳ್ಳಿ, ಆಮೇಲೆ ಊರಿಗಿಂತ ಕಾರ್ಖಾನೆ ಗಟ್ಟಿಮುಟ್ಟು ಅನ್ನುತ್ತೀರಿ. ಯಾವ ದೇಶದ ಕಾರ್ಖಾನೆಗೆ ಹೋದರೂ ಗೇಟಿನಲ್ಲಿ ಕೂತ ಡಾಕ್ಟರು ಇದೇ ಮಾತು ಆಡುತ್ತಾನೆ. ಮೊದಲನೇ ವರ್ಷದ ವಿದ್ಯಾರ್ಥಿಗಳಿಗೆ ನಾವು ಕಲಿಸುವ ಮೊದಲನೇ ತಪ್ಪು ಇದು.

ನಾವು ಮಾಡುವುದು ಇಷ್ಟೇ. ಕಾರ್ಖಾನೆ ಬಿಟ್ಟವರನ್ನು ಮನೆ ಮನೆ ಸುತ್ತಿ ಹುಡುಕುತ್ತೇವೆ. ಒಬ್ಬೊಬ್ಬರಿಗೂ ಜೋಡಿಯಾಗಿ ಅದೇ ಬೀದಿಯ, ಅದೇ ವಯಸ್ಸಿನ, ಆ ದೂಳು ಕುಡಿಯದ ಒಬ್ಬರನ್ನು ಆರಿಸುತ್ತೇವೆ. ಇಬ್ಬರಿಗೂ ಅವೇ ಪ್ರಶ್ನೆ, ಬಸ್ಸಿನಲ್ಲಿ ಅದೇ ಎಕ್ಸ್-ರೇ. ಚಿತ್ರ ನೋಡುವ ನನಗೆ ಹೆಸರು ತಿಳಿಯುವುದಿಲ್ಲ, ಬರೀ ನಂಬರು. ಯಾರು ಕಾರ್ಖಾನೆಯವರು, ಯಾರು ಅಲ್ಲ ಎಂಬುದೂ ತಿಳಿಯುವುದಿಲ್ಲ, ತಿಳಿದರೆ ಕಣ್ಣು ತನಗೆ ಬೇಕಾದ್ದನ್ನು ಕಾಣುತ್ತದೆ. ಎದೆಯಲ್ಲಿ ಕಲೆ ಕಟ್ಟುತ್ತಿದ್ದರೂ ಮೊದಲ ವರ್ಷಗಳಲ್ಲಿ ನಿಮ್ಮ ಸ್ಟೆತಸ್ಕೋಪಿಗೆ ಏನೂ ಕೇಳಿಸುವುದಿಲ್ಲ. ಅದರ ಮೇಲೆ ನನಗೆ ಗೌರವ ಇಲ್ಲದಿಲ್ಲ. ಮ್ಯೂಸಿಯಮ್ಮಿನಲ್ಲಿ ಇಡಬೇಕಾದ ವಸ್ತುವಿನ ಮೇಲೆ ಇರುವಷ್ಟು ಇದೆ.

ತಮ್ಮ ಹೇಗಿದ್ದಾನೆ? ಅಮ್ಮನನ್ನು ಕೇಳಿ ತಿಳಿಯಬಲ್ಲೆ. ನಿಮ್ಮನ್ನು ಕೇಳುತ್ತಿದ್ದೇನೆ.

ಮಗಳು


ಮಾರ್ಚ್ 6

ಜನಗಣತಿ ಮೇಡಮ್ಮಿಗೆ,

ನಿನ್ನ ಸೇನೆ ಊರಿಗೆ ಇಳಿದಿದೆ. ನಮ್ಮ ಬೀದಿಗೆ ಬಂದವರು ದಪ್ಪ ಕನ್ನಡಕದ ಒಬ್ಬ ನರ್ಸಮ್ಮ. ಬಾಗಿಲಲ್ಲಿ ನಿಂತು ನನ್ನನ್ನು, ಈ ಊರಿನಲ್ಲಿ ಅರ್ಧ ಜನರ ನಾಲಿಗೆ ನೋಡಿದವನನ್ನು, “ಯಜಮಾನ್ರೇ, ಹೊಗೆ ಸೊಪ್ಪು ಹಾಕ್ತೀರಾ?” ಎಂದು ಕೇಳಿದಳು. ಒಲೆಗೆ ಏನು ಉರಿಸುತ್ತೀರಿ, ಮಲಗುವ ಕೋಣೆಗೆ ಕಿಟಕಿ ಎಷ್ಟು. ನಮ್ಮ ಮನೆಯ ಬೆಕ್ಕಿನ ಜಾತಿಯೊಂದನ್ನು ಕೇಳಲಿಲ್ಲ.

ಆಮೇಲೆ, “ಮಕ್ಕಳೆಷ್ಟು ಜನ?” ಅಂದಳು. ಒಬ್ಬಳು ಮಗಳು ಅಂದೆ. “ಈ ಮನೆಯವರು ಯಾರಾದ್ರೂ ಕಾರ್ಖಾನೇಲಿ ದುಡಿದು ಬಿಟ್ಟಿದ್ದಾರಾ?” ಅಂದಳು. ಇಲ್ಲ ಅಂದೆ. ನಿನ್ನಮ್ಮ ಬಾಗಿಲ ಹಿಂದೆ ನಿಂತು ಬಟ್ಟೆ ಮಡಿಸುತ್ತಿದ್ದವಳು, ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸತೊಡಗಿದಳು. ನೋಡು, ನಿನ್ನ ಮಹಾ ವಿಜ್ಞಾನ ನಿಂತಿರುವುದು ಇದರ ಮೇಲೆ: ಬಾಗಿಲು ತೆರೆದವನು ಏನು ಹೇಳಿದರೆ ಅದು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಬುದ್ಧಿ.

ನಿಮ್ಮ ಹಳೆಯ ವರದಿಗಳನ್ನೂ ತಿರುವಿ ನೋಡಿದೆ. ‘ಸಂಬಂಧ ಇರುವ ಸಾಧ್ಯತೆ ಹೆಚ್ಚು’, ‘ಖಚಿತವಾಗಿ ಹೇಳಲು ಬಾರದಿದ್ದರೂ’. ಬರೀ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಮಾತು. ಕಾಯಿಲೆ ಇದೆ ಅಥವಾ ಇಲ್ಲ. ನಾನು ರೋಗಿಗೆ, “ನಿನಗೆ ಜ್ವರ ಇರುವ ಸಾಧ್ಯತೆ ಹೆಚ್ಚು” ಅಂದಿದ್ದರೆ ಎದ್ದು ಹೋಗಿ ಬೇರೆ ಡಾಕ್ಟರನ್ನು ನೋಡುತ್ತಿದ್ದ.

ಕಾಗದದ ಕೊನೆಯಲ್ಲಿ ನೀನು ಕೇಳಿದ ಪ್ರಶ್ನೆಗೆ ಈ ಮನೆಯಲ್ಲಿ ಉತ್ತರ ಇಲ್ಲ.

ಅಪ್ಪ


ಮಾರ್ಚ್ 15

ಅಪ್ಪ,

ಒಬ್ಬಳು ಮಗಳು ಅಂದಿರಾ?

ಹಾಗಾದರೆ ಪರೀಕ್ಷೆಯಲ್ಲಿ ಎರಡು ಸಾರಿ ಡುಮ್ಕಿ ಹೊಡೆದ ಹುಡುಗನನ್ನು, “ಓದು ತಲೆಗೆ ಹತ್ತದಿದ್ರೆ ಕೈಯಾದ್ರೂ ಆಡಿಸು” ಎಂದು ಕಾರ್ಖಾನೆಗೆ ಸೇರಿಸಿದಿರಲ್ಲ, ಅವನು ಯಾರ ಮನೆಯವನು? ಅವನು ಒಂಬತ್ತು ವರ್ಷ ತೀಡುವ ಕೋಣೆಯಲ್ಲಿ ಕೂತ. ಒಣಗಿದ ಬಟ್ಟಲಿನ ಅಂಚನ್ನು ಉಜ್ಜಿ ಉಜ್ಜಿ ನಯ ಮಾಡುವ ಕೆಲಸ. ಸಂಜೆ ಮನೆಗೆ ಬಂದರೆ ರೆಪ್ಪೆಯ ಕೂದಲೆಲ್ಲ ಬೆಳ್ಳಗೆ. ನಾವು ಅವನನ್ನು ಮುದುಕಪ್ಪ ಎಂದು ಆಡಿಕೊಳ್ಳುತ್ತಿದ್ದೆವು. ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕುವುದಿಲ್ಲ ಎಂದಾಗ ನೀವು ಅಂಗಿ ಬಿಚ್ಚಿಸಿ ಕೇಳಿದಿರಿ. “ಏನೂ ಇಲ್ಲ, ಮೈಗಳ್ಳತನ. ಕುಣಿಯಲಾರದವನಿಗೆ ನೆಲ ಡೊಂಕು” ಅಂದಿರಿ. ಅವನು ಕೆಲಸ ಬಿಟ್ಟ ವಾರವೇ ಮನೆಯನ್ನೂ ಬಿಡಬೇಕಾಯಿತು. ಅವನು ಲೈಬ್ರರಿಯ ಬಾಗಿಲಲ್ಲಿ ಕೂತು ಚೀಲಕ್ಕೆ ಬಿಲ್ಲೆ ಕೊಡುವ ಕೆಲಸಕ್ಕೆ ಸೇರಿ ಐದು ವರ್ಷವಾಯಿತು. ಅಂದಿನಿಂದ ನೀವು ಪುಸ್ತಕ ತರಲು ಅಮ್ಮನನ್ನು ಕಳಿಸುತ್ತೀರಿ.

ಗೇಟಿನಲ್ಲೂ ಅದೇ ಲೆಕ್ಕ, ಮನೆಯಲ್ಲೂ ಅದೇ ಲೆಕ್ಕ. ಬಿಟ್ಟು ಹೋದವನು ಇರಲೇ ಇಲ್ಲ. ಉಳಿದವರೆಲ್ಲ ಸುಖವಾಗಿದ್ದಾರೆ.

ಅವನನ್ನು ನೀನೇ ಬಸ್ಸಿಗೆ ಎಳೆದು ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ತರುವಂತಿಲ್ಲ. ತಮ್ಮ ಎಂಬ ಕಾರಣಕ್ಕೆ ಒಬ್ಬನನ್ನು ನಾನು ಕೈಹಿಡಿದು ಸೇರಿಸಿದರೆ ಇಡೀ ಎಣಿಕೆ ಹಾಳಾಗುತ್ತದೆ. ಮನೆ ಬಾಗಿಲಿಗೆ ಹೋದವರಿಗೆ ಸಿಕ್ಕಬೇಕು, ತಾನಾಗಿ ಒಪ್ಪಬೇಕು. ನಿಮ್ಮ ಬಾಗಿಲಲ್ಲಿ ಸಿಕ್ಕಬಹುದಿತ್ತು. ನೀವು ಬಚ್ಚಿಟ್ಟಿರಿ.

ಮಗಳು (ಇಬ್ಬರಲ್ಲಿ ದೊಡ್ಡವಳು)


ಮೇ 2

ಅಪ್ಪ,

ನೀವು ಬರೆಯುವುದನ್ನು ನಿಲ್ಲಿಸಿದ್ದೀರಿ. ಪರವಾಗಿಲ್ಲ, ಇದು ಜಗಳದ ಕಾಗದವಲ್ಲ. ಖುಷಿಗೆ ಬರೆಯುತ್ತಿದ್ದೇನೆ, ಈ ಖುಷಿ ಅರ್ಥವಾಗುವ ಇನ್ನೊಬ್ಬ ಡಾಕ್ಟರು ನಮ್ಮ ಮನೆಯಲ್ಲಿ ಇಲ್ಲ.

ಚಿತ್ರಗಳನ್ನೆಲ್ಲ ನೋಡಿ ಮುಗಿಸಿ, ನಿನ್ನೆ ನಂಬರುಗಳನ್ನು ಜೋಡಿಸಿದೆವು. ತೀಡುವ ಕೋಣೆ ಬಿಟ್ಟವರಲ್ಲಿ ಮೂವರಿಗೊಬ್ಬರ ಎದೆಯಲ್ಲಿ ಕಲ್ಲುದೂಳಿನ ಕಲೆ. ಅವರ ಪಕ್ಕದ ಮನೆಯ ಅದೇ ವಯಸ್ಸಿನವರಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದರಲ್ಲಿ ಸಾಧ್ಯತೆ, ಗೀಧ್ಯತೆ ಏನೂ ಇಲ್ಲ.

ಒಂದು ಚಿತ್ರವಂತೂ ಪುಸ್ತಕದಲ್ಲಿ ಅಚ್ಚು ಹಾಕಿಸಬೇಕು, ಅಷ್ಟು ಚೆನ್ನಾಗಿದೆ. ಇನ್ನೂ ಮೂವತ್ತೈದು ತುಂಬದ ಗಂಡಸು. ಎರಡೂ ಕಡೆ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗಂಟು, ರವೆ ಚೆಲ್ಲಿದ ಹಾಗೆ. ನಮ್ಮಲ್ಲಿ ಕಲಿಯುವ ಹುಡುಗರನ್ನೆಲ್ಲ ಕರೆದು ತೋರಿಸಿದೆ. ಇಂಥ ಚಿತ್ರ ಅಪರೂಪಕ್ಕೆ ಸಿಗುತ್ತದೆ ಅಂದೆ.

ವರದಿ ಜೂನಿನಲ್ಲಿ ಸರ್ಕಾರದ ಸಮಿತಿಯ ಮುಂದೆ ಬರುತ್ತದೆ. ಅವರು ಒಪ್ಪಿದರೆ ಆ ಕೋಣೆಗೆ ಬೀಗ ಬೀಳುತ್ತದೆ. ಒದ್ದೆ ಮಾಡಿಯೇ ತೀಡಬೇಕು, ದೂಳು ಎಳೆಯುವ ಯಂತ್ರ ಹಾಕಬೇಕು, ಬಿಟ್ಟವರಿಗೆ ಚಿಕಿತ್ಸೆ ಕೊಡಬೇಕು. ಒಪ್ಪದಿದ್ದರೆ ಈಗ ಅಲ್ಲಿ ಕೂತಿರುವ ನಲವತ್ತು ಜನ ಹಾಗೇ ಉಜ್ಜುತ್ತಿರುತ್ತಾರೆ. ಮ್ಯಾನೇಜರು ಅಲ್ಲಿ ಕಾರ್ಖಾನೆಯ ಪರವಾಗಿ ನಿಮ್ಮಿಂದ ಮಾತಾಡಿಸುತ್ತಾರಂತೆ. ಊರಿನಲ್ಲಿ ನಿಮ್ಮ ಮಾತಿಗೆ ಬೆಲೆ ಇದೆ ಅಪ್ಪ. ನನ್ನ ವರದಿಗಿಂತ ಹೆಚ್ಚು. ಅದೇ ನನ್ನ ಸಂಕಟ.

ಮಗಳು


ಮೇ 12

ಮಗಳೇ,

ಬೆಟ್ಟ ಅಗೆದು ಇಲಿ ಹಿಡಿದೆ ಎಂದು ಕುಣಿದಾಡುತ್ತಿದ್ದೀಯ. ನಾನು ಸಮಿತಿಯ ಮುಂದೆ ಹೋಗುವುದು ನಿಜ. ಜೂನ್ ಹದಿನೆಂಟಕ್ಕೆ ಇಟ್ಟಿದ್ದಾರೆ. ಹೇಳಬೇಕಾದ್ದನ್ನು ಹೇಳಿಯೇ ಬರುತ್ತೇನೆ.

ನಿನ್ನ ಆ ಅಪರೂಪದ ಗಂಡಸಿನ ವಿಷಯ. ಅಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೂವತ್ತೈದರ ಒಳಗೆ ಎದೆ ಹಾಳು ಮಾಡಿಕೊಂಡವನು ಕುಡುಕ ಇರಬೇಕು, ಇಲ್ಲವೇ ಹಳೆಯ ಕ್ಷಯ. ಎರಡೂ ಅಲ್ಲದಿದ್ದರೆ ನಿಮ್ಮ ಬಸ್ಸಿನಲ್ಲಿ ಪುಕ್ಕಟೆ ಚಿತ್ರ ತೆಗೆಯುತ್ತಾರೆಂದು ಹತ್ತಿದ ಮೈಗಳ್ಳ. ಕಾಯಿಲೆ ಇದೆ ಅಂದರೆ ಕೂತು ತಿನ್ನಬಹುದಲ್ಲ. ಇಂಥ ನಾಲ್ಕು ಜನ ದಂಡಪಿಂಡಗಳ ಎದೆ ಹಿಡಿದುಕೊಂಡು ನನ್ನ ಮೂವತ್ತು ವರ್ಷಕ್ಕೆ ಮಸಿ ಬಳಿಯಲು ಬರುತ್ತೀಯ?

ನಾನು ಒಂದೇ ಒಂದು ಸವಾಲು ಹಾಕುತ್ತೇನೆ. ನೂರು ಬೇಡ, ಮೂವರಿಗೊಬ್ಬ ಬೇಡ. ಒಬ್ಬನ ಹೆಸರು ಹೇಳು. ನನ್ನ ಮುಂದೆ ಕೂರಿಸು. ನಾನು ಕೇಳಿ ಹೇಳುತ್ತೇನೆ, ಇದೆಯೋ ಇಲ್ಲವೋ ಎಂದು. ಹೆಸರಿಲ್ಲದ ರೋಗಿಯನ್ನು ಕಟ್ಟಿಕೊಂಡು ಯಾವ ಡಾಕ್ಟರಿಕೆ?

ಅಪ್ಪ


ಮೇ 20

ಅಪ್ಪ,

ಹೆಸರು ಹೇಳುವಂತಿಲ್ಲ. ಬಸ್ಸು ಹತ್ತುವಾಗ ಅವರಿಗೆ ಮಾತು ಕೊಟ್ಟಿದ್ದೇವೆ. ಅವರಾಗಿ ಹೇಳಿದರೆ ಮಾತ್ರ.

ಹಿಂದಿನ ಕಾಗದದಲ್ಲಿ ಒಂದು ಚಿತ್ರ ಚೆನ್ನಾಗಿದೆ ಎಂದು ಬರೆದಿದ್ದೆ. ಹುಡುಗರಿಗೆ ತೋರಿಸಿದ್ದನ್ನೂ ಬರೆದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನೀವು ಆ ಕಾಗದವನ್ನು ಹರಿದು ಹಾಕಿದರೆ ನನಗೆ ಉಪಕಾರ.

ನೀವು ನನ್ನನ್ನು ಏನು ಬೇಕಾದರೂ ಅನ್ನಿ. ರೋಗಿಯನ್ನು ಮುಟ್ಟದ ಡಾಕ್ಟರು ಎಂದಿರಿ, ಸರಿಯಾಗೇ ಅಂದಿರಿ. ಆದರೆ ಆ ಗಂಡಸನ್ನು ಇನ್ನೊಂದು ಸಾರಿ ದಂಡಪಿಂಡ ಅನ್ನಬೇಡಿ.

ಮಗಳು


ಜೂನ್ 1

ಅಪ್ಪ,

ನನ್ನ ಅಕ್ಷರ ಗುರುತು ಸಿಗುತ್ತದೋ ಇಲ್ಲವೋ. ಕೋಳಿ ಕೆದಕಿದ ಹಾಗಿದೆ ಎಂದು ಬೆರಳ ಗಂಟಿಗೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದಿರಿ. ಈಗಲೂ ಹಾಗೇ ಇದೆ.

ಅಕ್ಕನಿಗೆ ಹೆಸರು ಹೇಳಲು ಆಗುವುದಿಲ್ಲ. ನಾನು ಹೇಳಬಹುದು, ನನ್ನದೇ ಹೆಸರಾದ್ದರಿಂದ. ಆ ಮೂವತ್ತೈದು ತುಂಬದವನು ನಾನು.

ನರ್ಸಮ್ಮ ನಮ್ಮ ಬಾಡಿಗೆ ಮನೆಗೂ ಬಂದಿದ್ದರು. “ಕಾರ್ಖಾನೇಲಿ ದುಡಿದು ಬಿಟ್ಟಿದ್ದೀರಾ?” ಅಂದರು. ಹೌದು ಅಂದೆ. “ತಂದೆ ಏನು ಮಾಡ್ತಾರೆ?” ಅಂದರು. ಅದಕ್ಕೆ ಸುಳ್ಳು ಹೇಳಿದೆ. ಡಾಕ್ಟರು ಅಂದರೆ ನಗುತ್ತಾರೆ ಅನ್ನಿಸಿತು. ಅಕ್ಕನಿಗೆ ನನ್ನ ನಂಬರು ಮಾತ್ರ ಹೋಗಿತ್ತು. ಎಕ್ಸ್-ರೇ ಫಲಿತಾಂಶದ ಕಾಗದ ನನ್ನ ಕೈಗೆ ಬಂದ ಮೇಲೆ ನಾನೇ ಫೋನ್ ಮಾಡಿದೆ. ನಂಬರು ಓದಿದೆ. ಅವಳು ಅದನ್ನೇ ಮೂರು ಸಾರಿ ಓದಿಸಿದಳು.

ನಿಮ್ಮ ಕಾಗದದಲ್ಲಿ ಏನಿದೆ ಎಂದು ಅವಳನ್ನು ಒತ್ತಾಯ ಮಾಡಿ ಕೇಳಿದೆ. ಒಂದೊಂದಕ್ಕೇ ಉತ್ತರ ಕೊಡುತ್ತೇನೆ. ನಾನು ಕುಡಿಯುವುದಿಲ್ಲ. ಕ್ಷಯ ಇಲ್ಲ, ಕಫ ಎರಡು ಸಾರಿ ನೋಡಿದ್ದಾರೆ. ಮೈಗಳ್ಳ ಅಂದಿರಲ್ಲ, ನಾನೂ ಐದು ವರ್ಷ ಅದನ್ನೇ ನಂಬಿದ್ದೆ. ನೀವು ಸುಳ್ಳು ಹೇಳುವ ಡಾಕ್ಟರಲ್ಲ. ಮೆಟ್ಟಿಲಲ್ಲಿ ನಿಂತು ಏದುಸಿರು ಬಿಡುವಾಗಲೂ, ‘ಥೂ ಸೋಮಾರಿ, ಹತ್ತು’ ಎಂದು ನನಗೆ ನಾನೇ ಬೈದುಕೊಂಡು ಹತ್ತುತ್ತಿದ್ದೆ. ಚಿತ್ರ ಬಂದ ದಿನ ಹೆಂಡತಿ ಅತ್ತಳು. ನನಗೆ ಅಳು ಬರಲಿಲ್ಲ. ಸದ್ಯ ಸೋಮಾರಿ ಅಲ್ಲವಲ್ಲ ಎಂದು ಸಮಾಧಾನವಾಯಿತು.

ಸಮಿತಿಗೆ ಹೋಗಿ. ನಿಮಗೆ ಏನು ಅನ್ನಿಸುತ್ತದೋ ಅದನ್ನು ಹೇಳಿ. ಒಬ್ಬನ ಹೆಸರು ಬೇಕು ಅಂದಿರಂತೆ, ಅದಕ್ಕೆ ಬರೆದೆ.

ನಿಮ್ಮ ಎರಡು ಪುಸ್ತಕದ ವಾಯಿದೆ ಮುಗಿದಿದೆ. ಅಮ್ಮನ ಕೈಲಿ ಕಳಿಸಿ.

ನಿಮ್ಮ ಮಗ


ಜೂನ್ 9

ಮಗಳೇ,

ನಿಮ್ಮಪ್ಪನಿಗೆ ಗೊತ್ತಾಗದ ಹಾಗೆ ಎರಡು ಸಾಲು ಬರೀತಿದ್ದೀನಿ. ಚಿಕ್ಕವನ ಕಾಗದ ಬಂದ ಮೇಲೆ ಅವರು ಯಾರನ್ನೂ ಬೈದಿಲ್ಲ. ನನಗೆ ಅದೇ ಭಯ. ಬೆಳಿಗ್ಗೆ ಕಾಂಪೌಂಡರು ಇಂಜೆಕ್ಷನ್ ಸೂಜಿ ಕೆಳಗೆ ಬೀಳಿಸಿದನಂತೆ, ಇವರೇ ಬಗ್ಗಿ ಎತ್ತಿಕೊಟ್ಟರಂತೆ.

ಪುಸ್ತಕ ಕೊಡಿ, ಲೈಬ್ರರಿಗೆ ಹೋಗಿ ಬರ್ತೀನಿ ಅಂದೆ. “ನಿನಗೆ ಕಾಲು ನೋವು, ಇರು” ಅಂದರು. ನನಗೆ ಯಾವ ಕಾಲು ನೋವೂ ಇಲ್ಲ.

ಅಮ್ಮ


ಜೂನ್ 20

ಮಗಳೇ,

ಸಮಿತಿಯ ಸುದ್ದಿ ನಿನಗೆ ಆಗಲೇ ಮುಟ್ಟಿರುತ್ತದೆ. ಆದರೂ ನನ್ನ ಬಾಯಲ್ಲಿ ಕೇಳು.

ಮೊದಲು ಲೈಬ್ರರಿಗೆ ಹೋದೆ. ನನ್ನ ಮುಂದೆ ನಾಲ್ಕು ಜನ ಇದ್ದರು. ಅವನು ಎಲ್ಲರ ಚೀಲ ತೆಗೆದು ಗೂಡಿನಲ್ಲಿಟ್ಟು ಬಿಲ್ಲೆ ಕೊಡುತ್ತಿದ್ದ. ಮೇಲಿನ ಗೂಡು ಖಾಲಿ ಇದ್ದರೂ ಕೆಳಗಿನ ಗೂಡುಗಳನ್ನೇ ತುಂಬುತ್ತಾನೆ. ಕೈ ಎತ್ತಿದರೆ ಉಸಿರು ಸಾಲುವುದಿಲ್ಲ. ಇದು ಸಾಲಿನಲ್ಲಿ ನಿಂತ ನಾಲ್ಕು ಜನಕ್ಕೂ ಕಾಣಿಸುತ್ತಿತ್ತು. ನನ್ನ ಚೀಲವನ್ನೂ ತೆಗೆದುಕೊಂಡು ಬಿಲ್ಲೆ ಕೊಟ್ಟ. ಆಮೇಲೆ ಮುಖ ನೋಡಿದ. “ಪುಸ್ತಕ ಒಳಗೆ ಕೊಡ್ಬೇಕು ಅಪ್ಪ, ಇಲ್ಲಲ್ಲ” ಅಂದ.

ಹಿಂದಿನ ಕೋಣೆಯಲ್ಲಿ, ಹರಿದ ಪುಸ್ತಕಗಳ ನಡುವೆ, ಸ್ಟೂಲಿನ ಮೇಲೆ ಕೂರಿಸಿ ಅಂಗಿ ಬಿಚ್ಚು ಅಂದೆ. “ಉಸಿರು ಎಳ್ಕೋ” ಅಂದೆ. ಎಳೆದುಕೊಂಡ. ಮೇಲೆ ಕೇಳಿದೆ, ಕೆಳಗೆ ಕೇಳಿದೆ, ಬೆನ್ನಿಗೆ ಇಟ್ಟು ಕೇಳಿದೆ. ಏನೂ ಇಲ್ಲ. ಐದು ವರ್ಷದ ಹಿಂದೆ ಕೇಳಿದ್ದೇ ಈಗಲೂ ಕೇಳಿತು. ಅವನು ಬೆನ್ನು ತಿರುಗಿಸಿಕೊಂಡೇ, “ಏನೂ ಇಲ್ವಾ ಅಪ್ಪ?” ಅಂದ. ಆಗ ಅವನ ಧ್ವನಿಯಲ್ಲಿ ಆಸೆ ಇತ್ತು ಕಣೇ. ನನ್ನ ಕಿವಿ ಹೇಳಿದರೆ ಈಗಲೂ ಚಿತ್ರವೇ ಸುಳ್ಳು ಎಂದು ನಂಬಿಬಿಡುತ್ತಿದ್ದ, ಆ ಪೆದ್ದ. ಈ ಕಾಯಿಲೆಗೆ ಮದ್ದಿಲ್ಲ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಅಂಗಿ ಹಾಕ್ಕೋ ಅಂದೆ. ಗುಂಡಿ ನಾನೇ ಹಾಕಿದೆ.

ಸಮಿತಿಯಲ್ಲಿ ಮ್ಯಾನೇಜರು ಮುಂದಿನ ಸಾಲಿನಲ್ಲಿ ನನಗೆ ಮೆತ್ತನೆಯ ಕುರ್ಚಿ ಹಾಕಿಸಿದ್ದ, ಕುಡಿಯಲು ಹಣ್ಣಿನ ರಸ. ಸಮಿತಿಯವರು ಐದು ಜನ. ಅದರಲ್ಲಿ ಇಬ್ಬರಿಗೆ ನಿದ್ದೆ, ಒಬ್ಬನಿಗೆ ಮೊಬೈಲು. ಇಂಥ ಕೋಣಗಳ ಮುಂದೆ ಕಿನ್ನರಿ ಬಾರಿಸಲು ನೀನು ನಿನ್ನ ಸೇನೆಯನ್ನು ಎರಡು ತಿಂಗಳು ಬೀದಿ ಸುತ್ತಿಸಿದೆ. ನಾನು ಎದ್ದು ಹೇಳಿದೆ: “ಈ ಕಾರ್ಖಾನೇಲಿ ಮೂವತ್ತು ವರ್ಷ ನಾನು ಒಬ್ಬ ರೋಗಿನೂ ನೋಡಿಲ್ಲ. ನಿಜ. ಯಾಕಂದ್ರೆ ನಾನು ಆರೋಗ್ಯವಾಗಿರೋರನ್ನ ಮಾತ್ರ ನೋಡಿದೆ. ರೋಗಿಗಳು ಗೇಟಿನ ಹೊರಗಿದ್ರು, ಒಬ್ಬ ನನ್ನ ಮನೇಲೇ ಇದ್ದ. ವರದೀಲಿ ಇರೋದು ಸರಿ.” ಮಲಗಿದ್ದವರಿಬ್ಬರೂ ಎದ್ದರು. ಮ್ಯಾನೇಜರು ನನ್ನ ಮುಂದಿದ್ದ ಹಣ್ಣಿನ ರಸವನ್ನು ತಾನೇ ಕುಡಿದ. ತೀಡುವ ಕೋಣೆಗೆ ನಿನ್ನೆ ಬೀಗ ಹಾಕಿದ್ದಾರೆ. ಎಷ್ಟು ದಿನಕ್ಕೋ ನೋಡೋಣ, ಅವರ ಮೇಲೆ ನನಗೆ ಕಾಸಿನ ನಂಬಿಕೆ ಇಲ್ಲ. ನನಗೂ ದವಾಖಾನೆಗೆ ಬರುವುದು ಬೇಡ ಎಂದಿದ್ದಾರೆ. ಕಾಂಪೌಂಡರು ಸ್ಟೆತಸ್ಕೋಪನ್ನು ಮನೆಗೆ ತಂದುಕೊಟ್ಟ. ನಿನ್ನ ಮ್ಯೂಸಿಯಮ್ಮಿನಲ್ಲಿ ಜಾಗ ಇದ್ದರೆ ಹೇಳು.

ಹಾಗೆಂದು ನಿನ್ನ ವಿಜ್ಞಾನಕ್ಕೆ ನಾನು ಅಡ್ಡಬಿದ್ದೆ ಎಂದು ತಿಳಿಯಬೇಡ. ತಮ್ಮನ ಎದೆಯ ಚಿತ್ರವನ್ನು ಹುಡುಗರಿಗೆ ತೋರಿಸಿ ಚೆನ್ನಾಗಿದೆ ಅನ್ನಿಸುವ ವಿಜ್ಞಾನ ಅದು. ನಾನು ಕಿವಿ ಇದ್ದ ಕಿವುಡ, ನೀನು ಕಣ್ಣಿದ್ದ ಕುರುಡಿ. ಒಂದೇ ಮನೆಯ ಸೊತ್ತು.

ಭಾನುವಾರ ಅವನೂ ಅವನ ಹೆಂಡತಿಯೂ ಇಲ್ಲಿಗೆ ಬರುತ್ತಿದ್ದಾರೆ. ಮೆಟ್ಟಿಲು ಹತ್ತುವ ಕಷ್ಟ ಬೇಡ ಎಂದು ಕೆಳಗಿನ ಕೋಣೆ ಖಾಲಿ ಮಾಡಿಸಿದ್ದೇನೆ. ನಿನ್ನಮ್ಮನಿಗೆ ಕಾಲು ನೋವು ಪೂರ್ತಿ ವಾಸಿಯಾಗಿದೆ.

ಒಂದು ಕೆಲಸ ಮಾಡು. ಆ ದಪ್ಪ ಕನ್ನಡಕದ ನರ್ಸಮ್ಮನನ್ನು ಇನ್ನೊಂದು ಸಾರಿ ನಮ್ಮ ಬಾಗಿಲಿಗೆ ಕಳಿಸು. ಹೊಗೆ ಸೊಪ್ಪು, ಒಲೆ, ಕಿಟಕಿ ಎಲ್ಲ ಸರಿಯಾಗೇ ಹೇಳಿದ್ದೇನೆ. ಎರಡು ಉತ್ತರ ತಪ್ಪಾಗಿವೆ, ತಿದ್ದಿಕೊಳ್ಳಲಿ. ಮಕ್ಕಳು ಇಬ್ಬರು. ಕಾರ್ಖಾನೆಯಲ್ಲಿ ದುಡಿದು ಬಿಟ್ಟವನು ಒಬ್ಬ ಇದ್ದಾನೆ. ಅವನನ್ನು ಮನೆ ಬಿಡಿಸಿದವರು ಯಾರು ಎಂಬ ಪ್ರಶ್ನೆಯನ್ನು ಅವಳು ಕೇಳಲಿಲ್ಲ. ಈ ಸಾರಿ ಕೇಳಲು ಹೇಳು.

ಅಪ್ಪ